ವಾಸಿಯಾದ ಮೇಲೂ ವಾಪಸ್ ಬರೋ ಜ್ವರ: ಕಾಲಾ ಅಜಾರ್ ಜೊತೆ ಎಚ್‌ಐವಿ ಸೇರಿದಾಗ

ನಾನು ಬಿ.ಕಾಂ. ಓದಿದವನು, ಡಾಕ್ಟರ್ ಅಲ್ಲ. ಹಾಗಾಗಿ ಇವತ್ತು ಹೇಳೋದನ್ನ ಮಾಹಿತಿ ಅಂತ ಕೇಳಿಸ್ಕೊಳ್ಳಿ. ಚಿಕಿತ್ಸೆಗೆ ಆಸ್ಪತ್ರೆಗೇ ಹೋಗಿ.

ದೊಡ್ಡನೆಕ್ಕುಂದಿಯಲ್ಲಿ ಬೆಳಗ್ಗೆ ಟೀ ಅಂಗಡಿ ಹತ್ರ ನಿಂತ್ರೆ ಕನ್ನಡದ ಜೊತೆ ಭೋಜ್‌ಪುರಿ, ಮೈಥಿಲಿ ಕೂಡ ಕಿವಿಗೆ ಬೀಳುತ್ತೆ. ಕಟ್ಟಡ ಕೆಲಸದವರು, ಸೆಕ್ಯೂರಿಟಿಯವರು, ಹೋಟೆಲ್ ಹುಡುಗರು. ಅವರಲ್ಲಿ ಒಬ್ಬರಿಗೆ ಎರಡು ವಾರದಿಂದ ಜ್ವರ ಅಂದ್ಕೊಳ್ಳಿ. ಕ್ಲಿನಿಕ್‌ನಲ್ಲಿ ಡೆಂಗಿ, ಟೈಫಾಯ್ಡ್ ನೋಡ್ತಾರೆ, ಆಮೇಲೆ ಟಿಬಿ. ಬೆಂಗಳೂರಿನ ಮಟ್ಟಿಗೆ ಅದು ಸರಿಯೇ. ಆದ್ರೆ ಅವರ ಊರು ಬಿಹಾರದ ಸಿವಾನ್ ಅಥವಾ ಸಾರಣ್ ಆಗಿದ್ರೆ ಇನ್ನೊಂದು ಹೆಸರೂ ನೆನಪಾಗಬೇಕು: ಕಾಲಾ ಅಜಾರ್.

ಇದು ಮರಳು ನೊಣ ಕಚ್ಚೋದರಿಂದ ಬರುವ ಕಾಯಿಲೆ. ವಾರಗಟ್ಟಲೆ ಜ್ವರ, ತೂಕ ಇಳಿಯೋದು, ರಕ್ತಹೀನತೆ, ಹೊಟ್ಟೆಯ ಎಡಭಾಗದಲ್ಲಿ ಗುಲ್ಮ, ಅಂದ್ರೆ ಸ್ಪ್ಲೀನ್, ಊದಿಕೊಳ್ಳೋದು. ಚಿಕಿತ್ಸೆ ಸಿಗದಿದ್ರೆ ಬಹುತೇಕ ಸಾವೇ. ಇದರ ಪರಾವಲಂಬಿಯ ಹೆಸರು ಲೀಶ್ಮೇನಿಯಾ ಡೊನೊವನಿ. 1903ರಲ್ಲಿ ಪಕ್ಕದ ಮದ್ರಾಸಿನಲ್ಲಿ ಇದನ್ನು ಗುರುತಿಸಿದ ಚಾರ್ಲ್ಸ್ ಡೊನೊವನ್ ಅವರ ಹೆಸರೂ ಅದರಲ್ಲಿದೆ.

ಒಳ್ಳೆ ಸುದ್ದಿ ಏನಂದ್ರೆ, ಭಾರತದಲ್ಲಿ ಈ ಕಾಯಿಲೆ ತುಂಬಾ ಇಳಿದಿದೆ. ಲೈಪೋಸೋಮಲ್ ಆಂಫೋಟೆರಿಸಿನ್ ಬಿ ಅನ್ನೋ ಔಷಧಿಯನ್ನ ಒಂದೇ ಸಲ ಡ್ರಿಪ್‌ನಲ್ಲಿ ಕೊಟ್ಟರೆ ಹೆಚ್ಚಿನವರು ವಾಸಿಯಾಗ್ತಾರೆ. ಆದ್ರೆ ಜೊತೆಗೆ ಎಚ್‌ಐವಿ ಇರುವವರ ಲೆಕ್ಕ ಬೇರೆ. ಅವರಲ್ಲಿ ಕಾಯಿಲೆ ಮತ್ತೆ ಮತ್ತೆ ಮರುಕಳಿಸುತ್ತೆ. ಯಾಕೆ?

ನಮ್ಮ ದೇಹದಲ್ಲಿ ಮ್ಯಾಕ್ರೋಫೇಜ್ ಅನ್ನೋ ಕಣಗಳಿವೆ. ರೋಗಾಣುಗಳನ್ನ ನುಂಗಿ ಕೊಲ್ಲೋದು ಅವುಗಳ ಕೆಲಸ. ಈ ಪರಾವಲಂಬಿ ಅದೇ ಕಣದೊಳಗೆ ಕೂತು ಮರಿ ಮಾಡುತ್ತೆ. ಕಳ್ಳ ಪೊಲೀಸ್ ಸ್ಟೇಷನ್ನಿನಲ್ಲೇ ಬಾಡಿಗೆಗೆ ಇದ್ದ ಹಾಗೆ. ಆಗ ಸಿಡಿ4 ಅನ್ನೋ ಇನ್ನೊಂದು ಬಗೆಯ ಬಿಳಿ ರಕ್ತಕಣ ಇಂಟರ್‌ಫೆರಾನ್ ಗಾಮಾ ಎಂಬ ಸಂಕೇತ ಕಳಿಸಿ ಮ್ಯಾಕ್ರೋಫೇಜನ್ನ ಎಬ್ಬಿಸುತ್ತೆ. ಔಷಧಿ ಮುಗಿದ ಮೇಲೂ ಒಂದಷ್ಟು ಪರಾವಲಂಬಿಗಳು ಒಳಗೆ ಉಳಿದಿರಬಹುದು. ಅವು ತಲೆ ಎತ್ತದ ಹಾಗೆ ಕಾಯೋದೂ ಈ ಸಿಡಿ4 ಕಣಗಳೇ.

ಎಚ್‌ಐವಿ ನಾಶ ಮಾಡೋದು ಅವನ್ನೇ. ಕಾವಲು ಹೋದ ಮೇಲೆ ಒಳಗಿದ್ದವು ಮತ್ತೆ ಬೆಳೆಯುತ್ತವೆ. ಸಿಡಿ4 ಎಣಿಕೆ 200ಕ್ಕಿಂತ ಕೆಳಗಿದ್ರೆ, ಹಿಂದೆ ಒಮ್ಮೆ ಮರುಕಳಿಸಿದ್ದರೆ, ಅಪಾಯ ಇನ್ನೂ ಜಾಸ್ತಿ. ಇನ್ನೊಂದು ಕಡೆ ಕಾಲಾ ಅಜಾರ್ ಕೂಡ ಎಚ್‌ಐವಿ ಹೆಚ್ಚಾಗೋಕೆ ದಾರಿ ಮಾಡುತ್ತೆ. ಎಆರ್‌ಟಿ ಮಾತ್ರೆ ತಗೊಂಡ್ರೂ ಇವರಲ್ಲಿ ಸಿಡಿ4 ನಿಧಾನವಾಗಿ ಏರುತ್ತೆ. ಹಾಗಂತ ಮಾತ್ರೆ ಬಿಟ್ಟರೆ ಇರೋ ಕಾವಲೂ ಹೋಗುತ್ತೆ.

ಪಟ್ನಾದ ರಾಜೇಂದ್ರ ಸ್ಮಾರಕ ವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿ ಎರಡೂ ಸೋಂಕು ಇರುವ 150 ಜನರ ಮೇಲೆ ಒಂದು ಅಧ್ಯಯನ ನಡೀತು. ಕೆಲವರಿಗೆ ಆಂಫೋಟೆರಿಸಿನ್ ಒಂದನ್ನೇ ಕೊಟ್ಟರು. ಉಳಿದವರಿಗೆ ಅದರ ಜೊತೆ 14 ದಿನ ಮಿಲ್ಟೆಫೋಸಿನ್ ಅನ್ನೋ ಮಾತ್ರೆ. ಏಳು ತಿಂಗಳಾದಾಗ ಮರುಕಳಿಸದೆ ಬದುಕಿದ್ದವರು ಮೊದಲ ಗುಂಪಿನಲ್ಲಿ ಶೇ 85, ಎರಡನೇ ಗುಂಪಿನಲ್ಲಿ ಶೇ 96. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಜೋಡಿ ಚಿಕಿತ್ಸೆಯನ್ನೇ ಶಿಫಾರಸು ಮಾಡ್ತು. ಅದು ಮುಗಿದ ಮೇಲೂ ಮರುಕಳಿಸದ ಹಾಗೆ ತಡೆ ಔಷಧಿ ಮುಂದುವರಿಸಬೇಕು ಅಂತಲೂ ಹೇಳ್ತು.

ಈಗ ದೊಡ್ಡನೆಕ್ಕುಂದಿಗೆ ವಾಪಸ್ ಬರೋಣ. ಬಿಹಾರದಲ್ಲಿ ಚಿಕಿತ್ಸೆ ಆಯ್ತು, ಮನುಷ್ಯ ಗೆದ್ದ, ಕೆಲಸ ಹುಡುಕಿ ರೈಲು ಹತ್ತಿದ. ಚೀಟಿ ಊರಲ್ಲೇ ಉಳೀತು. ಮಾತ್ರೆ ಒಂದು ತಿಂಗಳಿಗೆ ಖಾಲಿ. ಆರು ತಿಂಗಳಿಗೆ ಮತ್ತೆ ಜ್ವರ. ಹಳೇ ಕಥೆ ಗೊತ್ತಿಲ್ಲದ ಡಾಕ್ಟರ್ ಮೊದಲಿಂದ ಹುಡುಕಬೇಕು. ಬೆರಳಿನ ರಕ್ತದಲ್ಲಿ ಮಾಡೋ ಆರ್‌ಕೆ39 ಟೆಸ್ಟೂ ಇಲ್ಲಿ ಸಾಲದು. ವಾಸಿಯಾದವರಲ್ಲೂ ಅದು ಎಷ್ಟೋ ಕಾಲ ಪಾಸಿಟಿವ್ ತೋರಿಸುತ್ತೆ. ಮರುಕಳಿಸಿದೆಯಾ ಅಂತ ಖಚಿತವಾಗಬೇಕಾದ್ರೆ ಮೂಳೆಯ ಮಜ್ಜೆ ಅಥವಾ ಗುಲ್ಮದಿಂದ ಮಾದರಿ ತೆಗೆದು ಪರಾವಲಂಬಿಯನ್ನೇ ಹುಡುಕಬೇಕು.

ಹಾಗಾಗಿ ನಿಮ್ಮ ಸೈಟಿನಲ್ಲೋ ಅಪಾರ್ಟ್‌ಮೆಂಟಿನಲ್ಲೋ ಯಾರಿಗಾದ್ರೂ ಜ್ವರ ಬಿಡ್ತಿಲ್ಲ ಅಂದ್ರೆ ಇಷ್ಟು ಹೇಳಿ: "ಭಯ್ಯಾ, ಡಾಕ್ಟರ್‌ಗೆ ನಿಮ್ಮ ಊರು ಯಾವುದು ಅಂತ ಹೇಳಿ, ಹಿಂದೆ ಕಾಲಾ ಅಜಾರ್ ಬಂದಿತ್ತಾ ಹೇಳಿ. ಹಳೇ ಚೀಟಿಯ ಫೋಟೋ ಊರಿಂದ ವಾಟ್ಸ್ಯಾಪ್‌ಗೆ ತರಿಸ್ಕೊಳ್ಳಿ." ಎಚ್‌ಐವಿ ಇದೆಯಾ ಅಂತ ಮಾತ್ರ ನೀವು ಕೇಳಬೇಡಿ. ಅದು ಅವರ ಮತ್ತು ಡಾಕ್ಟರ ನಡುವಿನ ಮಾತು. ಒಪ್ಪಿಗೆ ಇಲ್ಲದೆ ಅದನ್ನ ಬಹಿರಂಗ ಮಾಡೋದು, ಅದೇ ಕಾರಣಕ್ಕೆ ಕೆಲಸದಿಂದ ತೆಗೆಯೋದು 2017ರ ಕಾಯ್ದೆಯ ಪ್ರಕಾರ ತಪ್ಪು. ಜೊತೆಗೆ ಟೀ ಕುಡಿದ್ರೆ, ಒಂದೇ ಶೆಡ್‌ನಲ್ಲಿ ಪಕ್ಕದಲ್ಲಿ ಮಲಗಿದ್ರೆ ಈ ಎರಡೂ ಅಂಟಲ್ಲ.

ಎಆರ್‌ಟಿ ಮಾತ್ರೆ ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯಲ್ಲೂ ಅಂಥ ಕೇಂದ್ರ ಇದೆ. ಊರಿನ ಕೇಂದ್ರದಿಂದ ಇಲ್ಲಿಗೆ ವರ್ಗಾವಣೆ ಮಾಡಿಸ್ಕೊಬಹುದು. ಮಾಹಿತಿಗೆ 1097ಕ್ಕೆ ಕರೆ ಮಾಡಿ, ದುಡ್ಡು ಹೋಗಲ್ಲ.

ಈ ಎಪಿಸೋಡನ್ನ ನಿಮ್ಮ ಬಿಲ್ಡಿಂಗ್ ಗ್ರೂಪಿಗೆ ಹಾಕಿ, ಸೈಟ್ ಮೇಸ್ತ್ರಿಗೂ ಕಳಿಸಿ. ಮುಂದಿನ ವಾರ ಸಿಗೋಣ.