ಕಿವಿಗೂ ಸಾಧನೆ ಬೇಕು
(ಸಂಘದ ಸಂಗೀತ ವರ್ಗದ ಮೊದಲ ದಿನ ಮಾಡಿದ ಭಾಷಣ)



“ಯಂತ್ರದ ಸದ್ದಿಗೆ ನಮ್ಮ ಕಿವಿ ಸತ್ತಿದೆ, ನಮಗೇಕಯ್ಯ ಸಂಗೀತ?” ಎಂದು ಗಿರಣಿಯ ಮಗ್ಗಖಾತೆಯಲ್ಲಿ ಆಯುಸ್ಸು ಸವೆಸಿದ ಹಿರಿಯರು ಕೇಳುತ್ತಾರೆ. ಹೋಟೆಲಿನ ಪಾತ್ರೆಗಳ ಖಣಖಣದಲ್ಲಿ ದಿನ ಕಳೆಯುವ ತಮ್ಮಂದಿರದೂ ಇದೇ ಅಳುಕು. ಇದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇವೆ.

ಸದ್ದು ಕಿವಿಯನ್ನು ಕೆಡಿಸುವುದು ನಿಜ. ಹಾಗೆ ಹೋದದ್ದು ಮರಳಿ ಬರುವುದಿಲ್ಲ. ಆದರೆ ಅದು ಮೊದಲು ಕಸಿದುಕೊಳ್ಳುವುದು ಬಲು ಎತ್ತರದ ದನಿಗಳನ್ನು, ಸೆಕೆಂಡಿಗೆ 3000ದಿಂದ 6000 ಕಂಪನಗಳ ಸುತ್ತಿನವನ್ನು. ಗಂಡಸರು ಹಾಡುವ ಷಡ್ಜ ಸಾಮಾನ್ಯವಾಗಿ 130-140 ಕಂಪನಗಳದು. ಆದುದರಿಂದ ಹಾಡಿನ ಮಾತಿನಲ್ಲಿ ಸಕಾರ ಶಕಾರಗಳು ಮಸುಕಾದರೂ ಸ್ವರ ಬಹುಮಟ್ಟಿಗೆ ಉಳಿದಿರುತ್ತದೆ. (ಕಿವಿ ಮೊರೆಯುತ್ತಿದ್ದರೆ ಡಾಕ್ಟರರಲ್ಲಿಗೆ ಹೋಗತಕ್ಕದ್ದು, ಸಂಗೀತ ಅದಕ್ಕೆ ಮದ್ದಲ್ಲ.)

ಇನ್ನು ಅಭ್ಯಾಸದ ಮಾತು. ಎರಡು ಸ್ವರಗಳ ನಡುವಣ ದೂರವನ್ನು ಕಿವಿ ಅಳೆಯಬೇಕು. ಹಾರ್ಮೋನಿಯಮ್ಮಿನಲ್ಲಿ ಷಡ್ಜವನ್ನು ಬಿಟ್ಟು ಮುಂದಿನ ಕರಿ ಬಿಳಿ ಮನೆಗಳನ್ನೆಲ್ಲ ಎಣಿಸಿರಿ, ಏಳನೆಯದು ಪಂಚಮ. ಎರಡನ್ನೂ ಕೂಡಿ ಒತ್ತಿದರೆ ಒಂದರಲ್ಲೊಂದು ಕರಗಿದಂತಿರುತ್ತದೆ; ಅವುಗಳ ಕಂಪನಗಳು ಎರಡಕ್ಕೆ ಮೂರರಂತೆ ಹೊಂದುವುದೇ ಕಾರಣ. ಒಂದು ಮನೆ ಕೆಳಗಿಳಿಸಿ ನೋಡಿರಿ, ಕೂಡಲೇ ಕರ್ಕಶ! ವಾರವಿಡೀ ಇದೊಂದನ್ನೇ ಕೇಳಿರಿ. ಆಮೇಲೆ ಐದನೆಯ ಮನೆಯ ಮಧ್ಯಮ. ಪಂಚಮದಿಂದ ಮೇಲಿನ ಷಡ್ಜಕ್ಕೂ ಅಷ್ಟೇ ದೂರವೆಂದು ಕಿವಿ ತಾನಾಗಿ ಕಂಡುಕೊಂಡ ದಿನ ಅದರ ಬೀಗ ತೆರೆಯಿತೆಂದೇ ತಿಳಿಯಿರಿ.

ಷಡ್ಜ, ನಾಲ್ಕನೆಯ ಮನೆಯ ಗಾಂಧಾರ, ಪಂಚಮ ಮೂರನ್ನೂ ಒಟ್ಟಿಗೆ ನುಡಿಸಿದರೆ ಪಾಶ್ಚಾತ್ಯರ ಮೇಜರ್ ಕಾರ್ಡ್. ಗಾಂಧಾರವನ್ನು ಒಂದು ಮನೆ ಇಳಿಸಿದರೆ ಮೈನರ್. ಸಿನಿಮಾ ಹಾಡಿನ ಹಿಮ್ಮೇಳದಲ್ಲಿ ಇವೆರಡನ್ನೂ ಹುಡುಕಬಹುದು.

ನಮ್ಮವರು ಇದಕ್ಕೆಂದೇ ದಾಟು ವರಸೆ ಮಾಡಿದ್ದಾರೆ, ಸ್ವರ ಬಿಟ್ಟು ಸ್ವರಕ್ಕೆ ನೆಗೆಯುವ ಪಾಠ. ಪುರಂದರದಾಸರು ಹಾಕಿದ ಪಾಠಕ್ರಮವೆಂದು ಪರಂಪರೆ ಹೇಳುತ್ತದೆ. ಮಕ್ಕಳ ಪಾಠವೆಂದು ಮೂಗುಮುರಿಯುವವರು ಒಮ್ಮೆ ತಪ್ಪಿಲ್ಲದೆ ಹಾಡಿ ತೋರಿಸಲಿ!

ಹಾರ್ಮೋನಿಯಮ್ಮೊಂದನ್ನೇ ನಂಬಬೇಡಿರಿ. ಅದರ ಗಾಂಧಾರ ನಿಜವಾದ ಗಾಂಧಾರಕ್ಕಿಂತ ತುಸು ಏರು. ನಿಜವಾದದ್ದು ಬೇಕಾದರೆ ತಂಬೂರಿಯ ಮಂದ್ರ ತಂತಿಯನ್ನು ಮೀಟಿ ಸುಮ್ಮನೆ ಕೂಡಿರಿ. ಯಾರೂ ನುಡಿಸದ ಗಾಂಧಾರವೊಂದು ಅದರೊಳಗಿಂದ ಏಳುತ್ತದೆ. ನಮ್ಮಲ್ಲಿ ಹಲವರಿಗೆ ಅದು ಕೇಳಿಸಲು ವಾರಗಳೇ ಹಿಡಿದವು. ತಂಬೂರಿ ಸಂಘದ ಕೋಣೆಯಲ್ಲಿದೆ. ಹೋಟೆಲು ಮುಚ್ಚಿ ಬರುವವರಿಗಾಗಿ ರಾತ್ರಿಯೂ ಬಾಗಿಲು ತೆರೆದಿರುತ್ತದೆ.