ತೆರೆಯ ಮೇಲಿನ ಮಹಾತ್ಮನೂ ಮೈಲಾರದ ಕಾರಣಿಕವೂ



ಚಲಚ್ಚಿತ್ರ, ವಿಡಿಯೋ ಹಾಡು, ಜಾಹೀರಾತು ಎಂಬ ಮೂರನ್ನೂ ಮಹಾನಗರಗಳ ವಿಲಾಸವೆಂದು ಬದಿಗೆ ಸರಿಸಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸಂಸ್ಕೃತಿಯ ಮಾತು ಬಂದಾಗಲೆಲ್ಲ ತೇರು, ಜಾತ್ರೆ, ಬಯಲಾಟಗಳಿಗೇ ನಿಂತುಬಿಡುವ ವಾಡಿಕೆಯೊಂದು ನಮ್ಮ ವಿದ್ವಜ್ಜನರಲ್ಲಿ ಬೆಳೆದುಬಂದಿದೆ. ನಾನಿದನ್ನು ಒಪ್ಪಲಾರೆ. ಕೊಟ್ಟೂರಿನ ಕುಂ. ವೀರಭದ್ರಪ್ಪನವರ ಕಥೆಗಳಿಂದ ಹುಟ್ಟಿದ ಎರಡು ಚಿತ್ರಗಳು ದೃಶ್ಯಮಾಧ್ಯಮದ ಸತ್ತ್ವವನ್ನೂ ಅಪಾಯವನ್ನೂ ಅನೇಕ ಶಾಸ್ತ್ರಗ್ರಂಥಗಳಿಗಿಂತ ನಿಚ್ಚಳವಾಗಿ ತೋರಿಸಬಲ್ಲವು.

ಮೊದಲನೆಯದು 1994ರ ‘ಕೊಟ್ರೇಶಿ ಕನಸು’, ನಾಗತಿಹಳ್ಳಿ ಚಂದ್ರಶೇಖರರ ನಿರ್ದೇಶನದ್ದು. ಕೊಟ್ಟೂರೇಶ್ವರನ ಹೆಸರನ್ನು ಹೊತ್ತ ಕೊಟ್ರೇಶ, ಕೊಟ್ರಪ್ಪ, ಕೊಟ್ರಮ್ಮರು ಮನೆಮನೆಯಲ್ಲಿರುವ ಈ ಸೀಮೆಯಲ್ಲಿ, ಏಳನೆಯ ತರಗತಿ ಪಾಸಾಗಿ ಮುಂದೆ ಓದಬಯಸುವ ದಲಿತ ಬಾಲಕನೊಬ್ಬನ ಆಸೆಗೆ ಊರೇ ಅಡ್ಡಲಾಗುವ ಕಥೆ ಅದು. ಬಾಲಕನಾಗಿ ನಟಿಸಿದ ವಿಜಯ್ ರಾಘವೇಂದ್ರನಿಗೆ ರಾಷ್ಟ್ರಪ್ರಶಸ್ತಿಯೂ ಸಂದಿತು. ಆದರೆ ನನ್ನ ಮನಸ್ಸು ಹೆಚ್ಚು ನೆಲೆನಿಲ್ಲುವುದು 2011ರಲ್ಲಿ ಗಿರೀಶ ಕಾಸರವಳ್ಳಿಯವರು ನಿರ್ದೇಶಿಸಿದ ‘ಕೂರ್ಮಾವತಾರ’ದ ಮೇಲೆ.

ನಿವೃತ್ತಿಯಂಚಿನ ಸರ್ಕಾರಿ ನೌಕರನೊಬ್ಬ, ಮುಖಚಹರೆ ಗಾಂಧೀಜಿಯನ್ನು ಹೋಲುತ್ತದೆಂಬ ಒಂದೇ ಕಾರಣದಿಂದ, ದೂರದರ್ಶನದ ಧಾರಾವಾಹಿಯಲ್ಲಿ ಮಹಾತ್ಮನ ಪಾತ್ರಕ್ಕೆ ಆಯ್ಕೆಯಾಗುತ್ತಾನೆ. ನೋಡನೋಡುತ್ತಿರುವಂತೆಯೇ ಜನ ಅವನಲ್ಲಿ ಗಾಂಧಿಯನ್ನೇ ಕಾಣತೊಡಗುತ್ತಾರೆ, ಆ ಮುಖದ ಮಹಿಮೆಯಿಂದ ತಮಗೇನು ದಕ್ಕೀತೆಂದು ಸುತ್ತಲಿನವರು ಲೆಕ್ಕ ಹಾಕುತ್ತಾರೆ. ಜಾಹೀರಾತಿನ ಸಮಸ್ತ ರಹಸ್ಯವೂ ಇಲ್ಲಿದೆ. ಒಬ್ಬನು ಬಾಳಿ ಗಳಿಸಿದ ವಿಶ್ವಾಸವನ್ನು ಅವನ ಮುಖದಿಂದ ಬೇರ್ಪಡಿಸಿ, ಮತ್ತೊಂದು ವಸ್ತುವಿಗೆ ಅಂಟಿಸುವುದೇ ಆ ವಿದ್ಯೆ. ನಮ್ಮ ಶಾಸನಕರ್ತರು ಇದನ್ನು ಬೇಗನೆ ಮನಗಂಡರೆಂದೇ ಹೇಳಬೇಕು. ವ್ಯಾಪಾರಕ್ಕೆ ಗಾಂಧೀಜಿಯ ಹೆಸರನ್ನಾಗಲಿ ಚಿತ್ರವನ್ನಾಗಲಿ ಬಳಸುವುದಕ್ಕೆ 1950ರ ಲಾಂಛನ ಕಾಯಿದೆ ಕಡಿವಾಣ ಹಾಕಿದೆ. ಆದರೂ ಸಮುದ್ರದಾಚೆ, 1997ರಲ್ಲಿ ಆ್ಯಪಲ್ ಕಂಪನಿ ಕಂಪ್ಯೂಟರುಗಳ ಪ್ರಚಾರಕ್ಕೆ ಅದೇ ಮುಖವನ್ನು ಬಳಸಿತು. ಸಿನಿಮಾವನ್ನು ಮೆಚ್ಚದೆ, ತಮ್ಮ ಜೀವಮಾನದಲ್ಲಿ ‘ರಾಮರಾಜ್ಯ’ದಂಥ ಒಂದೆರಡನ್ನು ಹೊರತು ಏನನ್ನೂ ನೋಡದ ಮಹಾಪುರುಷನಿಗೆ ಒದಗಿದ ಗತಿ ಇದು! ಅವರ ಚಿತಾಭಸ್ಮವನ್ನು ಹುತಾತ್ಮರ ಸ್ಮಾರಕದಲ್ಲಿ ಕಾಪಾಡಿಕೊಂಡು ಬಂದಿರುವ ಕೂಡ್ಲಿಗಿಯ ಜನ ‘ಕೂರ್ಮಾವತಾರ’ವನ್ನು ನೋಡುವಾಗ ಬೇರೆಯವರಿಗಿಲ್ಲದ ನೋವೊಂದು ಅವರನ್ನು ಮುಟ್ಟಲೇಬೇಕು.

ಹಾಗಾದರೆ ಬಿಂಬದ ಈ ಮೋಹಕ್ಕೆ ನಮ್ಮಲ್ಲಿ ಪ್ರತ್ಯೌಷಧವಿಲ್ಲವೆ? ಹಡಗಲಿ ತಾಲ್ಲೂಕಿನ ಮೈಲಾರದಲ್ಲಿದೆ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಮೈಲಾರಲಿಂಗನ ಭಕ್ತನಾದ ಗೊರವಯ್ಯನು ಬಿಲ್ಲನ್ನೇರಿ ‘ಸದ್ದಲೇ’ ಎಂದೊಡನೆ ಲಕ್ಷಾಂತರ ಜನಸ್ತೋಮ ಸ್ತಬ್ಧವಾಗುತ್ತದೆ. ಅವನು ನುಡಿಯುವ ಕಾರಣಿಕವೆಂಬ ಭವಿಷ್ಯವಾಣಿಯಾದರೋ ಒಂದೇ ವಾಕ್ಯ. ಅದರ ಅರ್ಥವನ್ನು ಅವನು ಬಿಡಿಸಿ ಹೇಳುವುದಿಲ್ಲ. ಮಳೆಗೆ ಅನ್ವಯಿಸಿ ಒಬ್ಬ, ಬೆಳೆಗೆ ಅನ್ವಯಿಸಿ ಮತ್ತೊಬ್ಬ, ರಾಜಕಾರಣಕ್ಕೆ ಅನ್ವಯಿಸಿ ಇನ್ನೊಬ್ಬ, ಮನೆ ಸೇರುವ ದಾರಿಯುದ್ದಕ್ಕೂ ಜನರೇ ಅದನ್ನು ಜಗ್ಗಾಡಿ ನೋಡುತ್ತಾರೆ. ದೈವವಾಣಿಯೆಂದು ನಂಬಿದ ಮಾತನ್ನೂ ಚರ್ಚೆಗೊಡ್ಡುವ ಈ ಸ್ವಾತಂತ್ರ್ಯ, ಅರ್ಥವನ್ನು ಸಿದ್ಧಪಡಿಸಿಯೇ ಕೈಗಿಡುವ ಜಾಹೀರಾತಿನ ಮುಂದೆ ಮಾತ್ರ ಏಕೆ ಅಡಗಬೇಕು?

ಮೊಬೈಲಿನ ಜಾನಪದ ವಿಡಿಯೋ ಹಾಡುಗಳನ್ನು ನಾನು ಹಳಿಯುವವನಲ್ಲ; ನಮ್ಮ ಹುಡುಗರು ತಮ್ಮ ಹೊಲಗಳ ನಡುವೆಯೇ ನಿಂತು ತಮ್ಮ ಮಾತಿನಲ್ಲಿಯೇ ಹಾಡುವುದು ಸಂತೋಷದ ಸಂಗತಿ. ಆದರೆ ಹಾಡಿನ ನಡುವೆ ನುಸುಳುವ ಸಾಲದ ಆಮಿಷವನ್ನೂ ಸೌಂದರ್ಯದ ಭರವಸೆಯನ್ನೂ ಕಾರಣಿಕದಂತೆ ಒರೆಗೆ ಹಚ್ಚುವ ಅಭ್ಯಾಸ ಅವರಿಗೆ ಬರಬೇಕಾಗಿದೆ. ಆದುದರಿಂದ ಈ ಐದೂ ತಾಲ್ಲೂಕುಗಳ ಕಾಲೇಜುಗಳ ಅಧ್ಯಾಪಕರಲ್ಲಿ ನನ್ನದೊಂದು ವಿನಂತಿ: ‘ಕೊಟ್ರೇಶಿ ಕನಸು’, ‘ಕೂರ್ಮಾವತಾರ’ಗಳ ಮೂಲಕಥೆಗಳನ್ನು ವಿದ್ಯಾರ್ಥಿಗಳಿಂದ ಓದಿಸಿ, ಆಮೇಲೆ ಚಿತ್ರಗಳನ್ನು ತೋರಿಸಿರಿ, ಪ್ರದರ್ಶನ ಮುಗಿದೊಡನೆ ಅವರನ್ನು ಮನೆಗೆ ಕಳುಹಿಸದೆ, ಒಂದು ಗಂಟೆಯ ಕಾಲ ಅವರೇ ಮಾತನಾಡಲು ಬಿಡಿರಿ.