ಆಯಿ ಎಂದರೆ ಯಾರು?



ನಮ್ಮ ಅಕ್ಕಲಕೋಟೆ ಸೀಮೆಯ ಕನ್ನಡ ಮನೆಗಳಲ್ಲಿ 'ಆಯಿ' ಎಂದರೆ ಅಜ್ಜಿ. ಪಕ್ಕದ ಮರಾಠಿ ಮನೆಯಲ್ಲಿ ಅದೇ ಮಾತಿಗೆ ತಾಯಿ ಎಂದು ಅರ್ಥ. ಅವರು 'ತಾಯಿ' ಎಂದು ಕರೆದರೆ ಓಗೊಡುವವಳು ಅಕ್ಕ. ನನ್ನ ತಂಗಿಯ ಮನೆಗೆ ಮರಾಠಿ ಸೊಸೆ ಬಂದ ಹೊಸದರಲ್ಲಿ ಒಂದು ದಿನ, "ನಾಳೆ ನಮ್ಮ ಆಯಿ ಬರತಾಳ" ಎಂದಳು. ವಯಸ್ಸಾದ ಅಜ್ಜಿ ಬರುತ್ತಾಳೆಂದು ನನ್ನ ತಂಗಿ ಮೆತ್ತಗೆ ಅನ್ನ ಮಾಡಿ, ಒರಗಲು ದಿಂಬು ಹಾಕಿಟ್ಟಳು. ಬಂದವರು ನಲವತ್ತೈದರ ಗಟ್ಟಿ ಹೆಂಗಸು, ಖಡಕ್ ರೊಟ್ಟಿ ಕೇಳಿದರು! ಎಲ್ಲರೂ ನಕ್ಕೆವು. ಸೊಸೆಗೆ ಮಾತು ಬರುವುದಿಲ್ಲ ಎಂದು ನಾವು ಹೇಳಲಿಲ್ಲ. ಈ ಮನೆಯವರಿಗೆ ತಿಳಿವಳಿಕೆ ಇಲ್ಲ ಎಂದು ಅವಳೂ ಹೇಳಲಿಲ್ಲ. ಮಾತು ಇಬ್ಬರ ನಡುವೆ ಜಾರಿ ಬಿದ್ದಿತ್ತು, ಅಷ್ಟೇ.

ಆ ಸೊಸೆಯ ಮಗನಿಗೆ ಈಗ ಏಳು ವರ್ಷ. ಇಂದು ನಾನು ಹೇಳಬೇಕೆಂದಿರುವುದು ಅವನ ವಿಷಯ.

ಮೂರು ವರ್ಷವಾದರೂ ಹೆಸರು ಹಿಡಿದು ಕರೆದರೆ ಹುಡುಗ ತಿರುಗಿ ನೋಡುತ್ತಿರಲಿಲ್ಲ. ಒಂದು ಸ್ಟೀಲಿನ ಮುಚ್ಚಳವನ್ನು ನೆಲದ ಮೇಲೆ ಗಿರಗಿರನೆ ತಿರುಗಿಸುತ್ತ ತಾಸುಗಟ್ಟಲೆ ಕೂಡುತ್ತಿದ್ದ. ಕುಕ್ಕರ್ ಸೀಟಿ ಹೊಡೆದರೆ ಕಿವಿ ಮುಚ್ಚಿಕೊಂಡು ಅಂಗಳಕ್ಕೆ ಓಡುತ್ತಿದ್ದ. ಹಸಿವಾದರೆ "ನನಗ ಹಾಲು ಬೇಕು" ಎನ್ನುತ್ತಿರಲಿಲ್ಲ. ಅಜ್ಜಿಯ ರಾಗದಲ್ಲೇ "ಹಾಲು ಬೇಕೇನೋ ನಿನಗ?" ಎನ್ನುತ್ತಿದ್ದ. ಮನೆಗೆ ಬಂದವರು, "ನಮ್ಮನ್ನೇ ಕೇಳತಾನಲ್ಲ, ಭಾರಿ ಉಪಚಾರ" ಎಂದು ನಗುತ್ತಿದ್ದರು. ಅವನು ಕೇಳುತ್ತಿದ್ದುದು ತನಗೇ. ಹಾಲು ಬರುವ ಮೊದಲು ಆ ಮಾತು ಬರುತ್ತದೆ. ಆದ್ದರಿಂದ ಹಾಲಿನ ಹೆಸರೇ ಆ ಮಾತು. 1943ರಲ್ಲಿ ಅಮೆರಿಕದ ಬಾಲ್ಟಿಮೋರಿನ ಡಾಕ್ಟರ್ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳ ವಿಷಯ ಬರೆದು ಈ ಸ್ಥಿತಿಯನ್ನು ವೈದ್ಯಲೋಕದ ಗಮನಕ್ಕೆ ತಂದರು. ಆ ಮಕ್ಕಳೂ 'ನಾನು', 'ನೀನು' ಎಂಬುದನ್ನು ಕೇಳಿದ ಹಾಗೆಯೇ ತಿರುಗಿ ಹೇಳುತ್ತಿದ್ದರೆಂದು ಅವರು ದಾಖಲಿಸಿದ್ದಾರೆ.

ಇದಕ್ಕೆ ಆಟಿಸಂ ಎಂದು ಹೆಸರು. ಕನ್ನಡದಲ್ಲಿ 'ಸ್ವಲೀನತೆ', ಮರಾಠಿಯಲ್ಲಿ 'ಸ್ವಮಗ್ನತಾ'. ಎರಡರ ಅರ್ಥವೂ ತನ್ನಲ್ಲೇ ಮುಳುಗಿರುವುದು ಎಂದು. ನನಗೆ ಈ ಎರಡು ಹೆಸರೂ ಅಷ್ಟು ಒಪ್ಪಿಗೆಯಲ್ಲ. ಹೆಸರಿಡುವಾಗಲೇ ತಪ್ಪನ್ನು ಮಗುವಿನ ತಲೆಗೆ ಕಟ್ಟಿದಂತಿದೆ.

ಪಂಡಿತರೂ ಬಹಳ ಕಾಲ ಹಾಗೆಯೇ ತಿಳಿದಿದ್ದರು. 1985ರಲ್ಲಿ ಲಂಡನ್ನಿನಲ್ಲಿ ಸೈಮನ್ ಬ್ಯಾರನ್ ಕೋಹೆನ್ ಮತ್ತು ಇನ್ನಿಬ್ಬರು ಸೇರಿ ಒಂದು ಪರೀಕ್ಷೆ ಮಾಡಿದರು. ಸ್ಯಾಲಿ, ಆ್ಯನ್ ಎಂಬ ಎರಡು ಗೊಂಬೆಗಳು. ಸ್ಯಾಲಿ ತನ್ನ ಗೋಲಿಯನ್ನು ಬುಟ್ಟಿಯಲ್ಲಿಟ್ಟು ಹೊರಗೆ ಹೋಗುತ್ತಾಳೆ. ಅವಳಿಲ್ಲದಾಗ ಆ್ಯನ್ ಅದನ್ನು ತೆಗೆದು ಡಬ್ಬಿಯಲ್ಲಿಡುತ್ತಾಳೆ. ಸ್ಯಾಲಿ ಮರಳಿ ಬಂದು ಗೋಲಿಯನ್ನು ಎಲ್ಲಿ ಹುಡುಕುತ್ತಾಳೆ? ಅವಳಿಗೆ ಗೊತ್ತಿರುವುದು ಬುಟ್ಟಿ ಮಾತ್ರ, ಆದ್ದರಿಂದ ಬುಟ್ಟಿ ಎನ್ನಬೇಕು. ಆಟಿಸಂ ಇದ್ದ 20 ಮಕ್ಕಳಲ್ಲಿ 16 ಮಕ್ಕಳು ಗೋಲಿ ನಿಜವಾಗಿ ಇದ್ದ ಕಡೆಗೇ ಬೆರಳು ತೋರಿಸಿದರು. ಇನ್ನೊಬ್ಬರ ಮನಸ್ಸಿನಲ್ಲಿ ಏನಿದೆಯೆಂದು ಊಹಿಸುವುದು ಇವರಿಗೆ ಕಷ್ಟ ಎಂದು ತೀರ್ಮಾನವಾಯಿತು. ಮಾತು ಬಾಯಿಂದ ಬಾಯಿಗೆ ದಾಟುತ್ತ, 'ಕಷ್ಟ' ಎಂಬುದು 'ಇಲ್ಲ' ಎಂದಾಯಿತು. ಕೊನೆಗೆ ಇವರಿಗೆ ಕರುಳೇ ಇಲ್ಲ ಎನ್ನುವವರೆಗೂ ಹೋಯಿತು. ಇನ್ನೊಬ್ಬರು ಏನು ಯೋಚಿಸುತ್ತಾರೆಂದು ಊಹಿಸುವುದು ಒಂದು, ಅವರ ದುಃಖಕ್ಕೆ ಮರುಗುವುದು ಇನ್ನೊಂದು. ಗೋಲಿಯ ಪರೀಕ್ಷೆ ಎರಡನೆಯದನ್ನು ಅಳೆದೇ ಇರಲಿಲ್ಲ.

ಆ ತಪ್ಪನ್ನು ನಾನೂ ಮಾಡಿದೆ, ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು. ಮೂರು ವರ್ಷದ ಹಿಂದೆ ನಮ್ಮ ತಮ್ಮ ತೀರಿಕೊಂಡ. ಮಣ್ಣು ಮುಗಿಸಿ ಬಂದ ಸಂಜೆ ನನ್ನ ತಂಗಿ ಪಡಸಾಲೆಯ ಗೋಡೆಗೆ ಒರಗಿ ಅಳುತ್ತಿದ್ದಳು. ಹುಡುಗ ಅವಳ ಮುಖ ನೋಡಲಿಲ್ಲ, ಹತ್ತಿರ ಕೂಡಲಿಲ್ಲ. ಒಳಗೆ ಹೋಗಿ ತನ್ನ ಮುಚ್ಚಳ ತಂದು ಅವಳ ಮಡಿಲಲ್ಲಿ ಹಾಕಿದ. ಕೂಡಿದ ಹೆಂಗಸರು, "ನೋಡ್ರಿ, ಇಂಥಾ ಹೊತ್ತಿನಾಗೂ ಆಟ" ಎಂದರು. ನಾನು ಮುಚ್ಚಳವನ್ನು ಕಸಿದು ಬದಿಗಿಟ್ಟು ಅವನನ್ನು ಗದರಿಸಿದೆ. ಅವನು ಮತ್ತೆ ತಂದಿಟ್ಟ. ಮತ್ತೆ ಗದರಿಸಿದೆ. ರಾತ್ರಿ ತಂಗಿ ನನಗೆ ಹೇಳಿದಳು: "ಅಕ್ಕಾ, ತನಗ ಸಂಕಟ ಆದಾಗ ಅಂವ ಅದನ್ನೇ ತಿರುಗಿಸತಾನ. ಅದರಿಂದ ಅವಗ ಸಮಾಧಾನ ಆಗತದ. ಅದನ್ನ ನನಗ ಕೊಡಾಕ ಬಂದಿದ್ದ." ನನಗೆ ಉತ್ತರ ಹೊಳೆಯಲಿಲ್ಲ. ಅವನು ನಮ್ಮ ದುಃಖವನ್ನು ಓದಿದ್ದ. ಓದಲಾರದವಳು ನಾನು.

2012ರಲ್ಲಿ ಇಂಗ್ಲೆಂಡಿನ ಡೇಮಿಯನ್ ಮಿಲ್ಟನ್ ಇದನ್ನು ಶಾಸ್ತ್ರದ ಮಾತಿನಲ್ಲಿ ಹೇಳಿದರು. ಅವರು ಸ್ವತಃ ಆಟಿಸಂ ಇರುವ ಸಮಾಜಶಾಸ್ತ್ರಜ್ಞರು. ಅವರ ವಾದ ಇಷ್ಟು: ಅರ್ಥವಾಗದಿರುವುದು ಎರಡೂ ಕಡೆಯ ತೊಡಕು. ಅವರಿಗೆ ನಾವು ತಿಳಿಯುವುದಿಲ್ಲ, ಸರಿ. ನಮಗೆ ಅವರು ತಿಳಿಯುತ್ತಾರೆಯೇ? ನಾವು ಸಂಖ್ಯೆಯಲ್ಲಿ ಹೆಚ್ಚು, ಆದ್ದರಿಂದ ನಮ್ಮ ತಿಳಿಯದಿರುವಿಕೆಗೆ ಯಾರೂ ಹೆಸರಿಡುವುದಿಲ್ಲ. ಗಡಿಯ ಜನರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಚೇರಿಯ ಕಿಟಕಿಯಲ್ಲಿ ನಮ್ಮ ಮಾತು ತಿಳಿಯದಿದ್ದಾಗ ದಡ್ಡರು ಯಾರೆನಿಸಿಕೊಳ್ಳುತ್ತಾರೆಂದು ನಮಗೆ ಗೊತ್ತು.

2020ರಲ್ಲಿ ಎಡಿನ್‌ಬರೋದಲ್ಲಿ ಇದನ್ನು ಪರೀಕ್ಷಿಸಿದರು. ಮಕ್ಕಳ ಕಿವಿಮಾತಿನ ಆಟದ ಹಾಗೆ, ಎಂಟು ಜನರ ಸಾಲಿನಲ್ಲಿ ಒಬ್ಬರಿಂದ ಒಬ್ಬರಿಗೆ ಒಂದು ಕಥೆ ದಾಟಬೇಕು. ಆಟಿಸಂ ಇರುವವರದೇ ಸಾಲಿನಲ್ಲಿ ಕಥೆ ಇತರರ ಸಾಲಿನಷ್ಟೇ ಚೆನ್ನಾಗಿ ದಾಟಿತು. ಇಬ್ಬರೂ ಬೆರೆತ ಸಾಲಿನಲ್ಲಿ ಹೆಚ್ಚು ಸೋರಿಹೋಯಿತು. 2025ರಲ್ಲಿ ಇನ್ನೂ ಹೆಚ್ಚು ಜನರನ್ನು ಕೂಡಿಸಿ ಮಾಡಿದಾಗ ಬೆರೆತ ಸಾಲೂ ಹಿಂದೆ ಬೀಳಲಿಲ್ಲ. ಆದ್ದರಿಂದ ಈ ಲೆಕ್ಕ ಇನ್ನೂ ಮುಗಿದಿಲ್ಲ. ಆದರೆ ಎರಡು ಸಲವೂ ಆಟಿಸಂ ಇರುವವರ ಸಾಲು ಕಡಿಮೆ ಬೀಳಲಿಲ್ಲ ಎಂಬುದನ್ನು ಮರೆಯಬಾರದು.

ಇನ್ನು ನಮ್ಮ ಮನೆಗಳಿಗೆ ನೇರವಾಗಿ ತಾಗುವ ಮಾತು. ಹುಡುಗನನ್ನು ಶಹರದ ಒಬ್ಬ ತಜ್ಞರಲ್ಲಿ ಕರೆದೊಯ್ದಾಗ ಅವರು, "ಮನೆಯಲ್ಲಿ ಎರಡು ಭಾಷೆ ಬೇಡ, ಮರಾಠಿ ಒಂದೇ ಇರಲಿ, ಇಲ್ಲವಾದರೆ ಮಗು ಗೊಂದಲವಾಗುತ್ತದೆ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿರಬೇಕು. ನನ್ನ ತಂಗಿಗೆ ಬರುವ ಮರಾಠಿ ಸಂತೆಯ ಮರಾಠಿ. ಅದರಲ್ಲಿ ಚೌಕಾಸಿ ಮಾಡಬಹುದು, ಮಗುವನ್ನು ಮಲಗಿಸಲಾಗುವುದಿಲ್ಲ. ಎಂಟು ತಿಂಗಳು ಅವಳು ಮೊಮ್ಮಗನ ಮುಂದೆ ಬಾಯಿ ಬಿಡಲಿಲ್ಲ. ತಾಟು ಮುಂದಿಟ್ಟು ಎದ್ದು ಹೋಗುವಳು. ಹುಡುಗ "ಹಾಲು ಬೇಕೇನೋ ನಿನಗ?" ಎಂದರೂ ಉತ್ತರವಿಲ್ಲ. ಕೊನೆಗೆ ಅವನು ಆ ಮಾತನ್ನೂ ಬಿಟ್ಟ.

ಎರಡು ಭಾಷೆ ಕೇಳಿದರೆ ಆಟಿಸಂ ಇರುವ ಮಗುವಿನ ಮಾತು ಹಿಂದೆ ಬೀಳುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ಕೆನಡಾದ ಮಾಂಟ್ರಿಯಲ್ ನಮ್ಮ ಹಾಗೆ ಎರಡು ಭಾಷೆಯ ಊರು, ಅಲ್ಲಿ ಫ್ರೆಂಚ್ ಮತ್ತು ಇಂಗ್ಲಿಷ್. 2012ರಲ್ಲಿ ಅಲ್ಲಿನ ಸಂಶೋಧಕರು ಒಂದು ಭಾಷೆ ಕೇಳಿ ಬೆಳೆದ ಮಕ್ಕಳನ್ನೂ ಎರಡು ಭಾಷೆ ಕೇಳಿ ಬೆಳೆದ ಮಕ್ಕಳನ್ನೂ ಹೋಲಿಸಿದರು. ಎಲ್ಲರೂ ಆಟಿಸಂ ಇದ್ದ ಮಕ್ಕಳೇ. ಎರಡು ಭಾಷೆಯ ಮಕ್ಕಳ ಮಾತು ಹೆಚ್ಚಿಗೆ ತಡವಾಗಿರಲಿಲ್ಲ. ಯಾರಾದರೂ ನಿಮ್ಮ ಮನೆಯ ಭಾಷೆಯನ್ನು ನಿಲ್ಲಿಸಲು ಹೇಳಿದರೆ, ಏಕೆ ಎಂದು ಕೇಳಿರಿ. ಕೇಳುವುದು ಉದ್ಧಟತನವಲ್ಲ.

ಕಾಗದಪತ್ರದ ಮಾತೊಂದು. 1995ರ ಅಂಗವಿಕಲರ ಕಾಯಿದೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. 2016ರ ಕಾಯಿದೆಯ 21 ಬಗೆಗಳಲ್ಲಿ ಅದು ಇದೆ. ಸರಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿ ಕೊಡುವ ಯುಡಿಐಡಿ ಕಾರ್ಡು ದೇಶದ ಎಲ್ಲ ರಾಜ್ಯಗಳಲ್ಲೂ ನಡೆಯುತ್ತದೆ. ಇತ್ತ ಮನೆ, ಅತ್ತ ನೆಂಟರು ಇರುವ ನಮ್ಮಂಥವರಿಗೆ ಅದು ಅನುಕೂಲ.

ಮಾತು ಕಲಿಸುವ ಬೇರೊಬ್ಬ ಶಿಕ್ಷಕಿ ಸಿಕ್ಕ ಮೇಲೆ ನನ್ನ ತಂಗಿಯ ಬಾಯಿಗೆ ಹಾಕಿದ್ದ ಬೀಗ ತೆಗೆಯಿತು. ಹಾಲಿನ ಮಾತು ಮರಳಿ ಬರಲು ಮತ್ತೆ ಐದು ತಿಂಗಳು ಹಿಡಿಯಿತು. ಈಗ ಅವನು "ಹಾಲು ಬೇಕೇನೋ ನಿನಗ?" ಎಂದರೆ ಅವಳು ಅವನ ಪರವಾಗಿ, "ಹೂಂ, ನನಗ ಬೇಕು" ಎಂದು ಹೇಳಿ ಲೋಟ ಕೊಡುತ್ತಾಳೆ. ಕೆಲವು ಸಲ ಅವನೂ "ನನಗ" ಎನ್ನುತ್ತಾನೆ, ಕೆಲವು ಸಲ ಇಲ್ಲ. ಕುಕ್ಕರ್ ಇಡುವ ಮೊದಲು ಸೊಸೆ ಅವನಿಗೆ ಬೆರಳು ಎತ್ತಿ ತೋರಿಸುತ್ತಾಳೆ; ಅವನೇ ಎದ್ದು ಅಂಗಳಕ್ಕೆ ಹೋಗುತ್ತಾನೆ.

ಈ ದೀಪಾವಳಿಗೆ ಹೋದಾಗ ಅವನು ಹೊಸ್ತಿಲಲ್ಲಿ ನಿಂತು "ಆಯಿ" ಎಂದು ಕರೆದ. ಅಡಿಗೆಮನೆಯಿಂದ ಸೊಸೆ, ಹಿತ್ತಲಿನಿಂದ ನನ್ನ ತಂಗಿ, ಇಬ್ಬರೂ ಬಂದರು. ಹುಡುಗ ಇಬ್ಬರ ಮುಖವನ್ನೂ ನೋಡಲಿಲ್ಲ. ಇಬ್ಬರೂ ಸುಮ್ಮನೆ ಕೈ ಚಾಚಿ ನಿಂತರು, ಅವನು ಯಾವ ಕೈ ಹಿಡಿಯುತ್ತಾನೆಂದು.